ನೆಟ್‌ಫ್ಲೋ, ಐಪಿಫಿಕ್ಸ್, ಎಸ್‌ಫ್ಲೋ: ನಿಮ್ಮ ಜಾಲಕ್ಕೆ ಯಾವುದು ಸರಿ, ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು

ಜಾಲದಲ್ಲಿ ಯಾರು ಯಾರಿಗೆ ಎಷ್ಟು ಡೇಟಾ ಕಳಿಸಿದರು ಎಂಬ ಲೆಕ್ಕವನ್ನು ರೌಟರ್, ಸ್ವಿಚ್‌ಗಳಿಂದ ಪಡೆಯುವ ಮೂರು ವಿಧಾನಗಳು ನೆಟ್‌ಫ್ಲೋ, ಐಪಿಫಿಕ್ಸ್, ಎಸ್‌ಫ್ಲೋ; ಒಟ್ಟಾಗಿ ಫ್ಲೋ ಎನ್ನುತ್ತೇವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸಣ್ಣ ಇಂಟರ್‌ನೆಟ್ ಜಾಲ ನಡೆಸುವ ಗೆಳೆಯರಿಂದ ನನಗೆ ಬರುವ ಫೋನು ಬಹುತೇಕ ಒಂದೇ ಥರ. "ಸರ, ನೆಟ್‌ಫ್ಲೋ ಆನ್ ಮಾಡೀನ್ರಿ, ಆದ್ರ ಗ್ರಾಫಿನ್ಯಾಗ ಅರ್ಧ ಟ್ರಾಫಿಕ್ಕೂ ಕಾಣವಲ್ದು." ಇನ್ನೊಬ್ಬರದು ಉಲ್ಟಾ: ಮೇಲಿನವರಿಂದ (ಇಂಟರ್‌ನೆಟ್ ಮಾರುವ ದೊಡ್ಡ ಕಂಪನಿಯಿಂದ) ಕೊಂಡಿದ್ದು 500 ಎಂಬಿಪಿಎಸ್, ಗ್ರಾಫ್ ತೋರಿಸುವುದು 980. ಮೂರನೆಯವರ ಪರದೆ ಪೂರ್ತಿ ಖಾಲಿ. ಒಬ್ಬರಂತೂ ಸಂಜೆ 7ರಿಂದ 10ರ ತನಕ ನೆಟ್ ನಿಧಾನ ಎಂದು ಹೆಚ್ಚುವರಿ ಬ್ಯಾಂಡ್‌ವಿಡ್ತ್ ಕೊಂಡು, ಮೂರು ತಿಂಗಳು ದುಡ್ಡು ಕಟ್ಟಿದ ಮೇಲೆ ಲಿಂಕ್ ತುಂಬಿಯೇ ಇರಲಿಲ್ಲ ಅಂತ ಗೊತ್ತಾಯಿತು.

ಇವರೆಲ್ಲ ಎಡವಿದ್ದು ಕ್ರಮದಲ್ಲಿ. ಮೊದಲು ಫಾರ್ಮ್ಯಾಟ್ ಆರಿಸಿದರು, ಆಮೇಲೆ ಚೆಂದದ ಡ್ಯಾಶ್‌ಬೋರ್ಡ್ ಹಾಕಿದರು, ಬಂದ ಅಂಕಿ ನಿಜವೋ ಸುಳ್ಳೋ ತಾಳೆ ನೋಡುವ ಕೆಲಸವನ್ನು ಬಿಟ್ಟೇಬಿಟ್ಟರು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ 7ನೇ ಹಂತದಲ್ಲಿ ಸಿಕ್ಕಿಬೀಳುತ್ತೀರಿ.

ಕೈಗೆ ಬೇಕಾದ ಸಾಮಾನು

ರೌಟರ್ ಮತ್ತು ಸ್ವಿಚ್‌ಗಳ ಅಡ್ಮಿನ್ ಪಾಸ್‌ವರ್ಡ್. ಲಿನಕ್ಸ್ ಹಾಕಿದ ಒಂದು ಪಿಸಿ. ಹಳೆಯದಾದರೂ ನಡೆಯುತ್ತದೆ, ಆದರೆ ಡೇಟಾಕ್ಕೆ ಬೇರೆ ಹಾರ್ಡ್ ಡಿಸ್ಕ್ ಇರಲಿ. ಆ ಪಿಸಿಯಲ್ಲಿ ಟಿಸಿಪಿಡಂಪ್ (ಬರುವ ಪ್ಯಾಕೆಟ್ ತೋರಿಸುವುದು) ಮತ್ತು ಎನ್‌ಎಫ್‌ಡಂಪ್ (ಫ್ಲೋ ಕೂಡಿಡುವುದು), ನಿಮ್ಮ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್ ಬಿಡಿಸಿ ಓದುವುದು). ಎಸ್‌ಎನ್‌ಎಂಪಿ (ಯಂತ್ರದ ಪ್ರತಿ ಪೋರ್ಟಿನ ಬೈಟು ಎಣಿಕೆ ಓದುವ ವಿಧಾನ) ಗ್ರಾಫಿಗೆ ಲಿಬ್ರೆಎನ್‌ಎಂಎಸ್, ಕ್ಯಾಕ್ಟಿ, ಜ್ಯಾಬಿಕ್ಸ್ ಇವುಗಳಲ್ಲಿ ಯಾವುದಾದರೂ ಒಂದು. ಇವೆಲ್ಲ ಪುಕ್ಕಟೆ ಸಿಗುತ್ತವೆ. ಪಿಸಿಗೆ ಯುಪಿಎಸ್ ಕಡ್ಡಾಯ, ಮೇ ತಿಂಗಳಲ್ಲಿ ಗಾಳಿಯಾಡುವ ಜಾಗವೂ ಕಡ್ಡಾಯ. ತಗಡಿನ ಶೀಟಿನ ಕೋಣೆಯಲ್ಲಿಟ್ಟ ಕಲೆಕ್ಟರ್ (ಫ್ಲೋ ಕೂಡಿಹಾಕುವ ಇಂಥ ಪಿಸಿ) ಮಧ್ಯಾಹ್ನ 2ಕ್ಕೆ ಸುಮ್ಮನೆ ಆಫ್ ಆಗುತ್ತಿದ್ದುದನ್ನು ಕಂಡುಹಿಡಿಯಲು ನಾನು ಒಂದು ವಾರ ಕಳೆದಿದ್ದೇನೆ.

1. ಫಾರ್ಮ್ಯಾಟ್ ಬದಿಗಿಡಿ, ಪ್ರಶ್ನೆ ಬರೆಯಿರಿ

ನಿಮಗೆ ತಿಳಿಯಬೇಕಾದ್ದನ್ನು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. "ಲಿಂಕ್ ತುಂಬಿದೆಯೇ?" ಒಂದು ಪ್ರಶ್ನೆ. "ತುಂಬಿಸುತ್ತಿರುವವರು ಯಾರು?" ಬೇರೆಯದೇ ಪ್ರಶ್ನೆ. "ಹೋದ ತಿಂಗಳು 12ರ ರಾತ್ರಿ 9:40ಕ್ಕೆ ಈ ಸಾರ್ವಜನಿಕ ಐಪಿ ಯಾವ ಗಿರಾಕಿಯ ಹತ್ತಿರ ಇತ್ತು?" ಎಂಬುದು ಪೊಲೀಸರ ಪತ್ರದ ಜೊತೆ ಬರುವ ಪ್ರಶ್ನೆ. "ಈ ಬ್ಯಾಂಕ್ ಪುಟ ಮಾತ್ರ ಯಾಕೆ ತೆರೆಯುತ್ತಿಲ್ಲ?" ಇನ್ನೂ ಬೇರೆ.

ನಮ್ಮ ಕಡೆಯವರಿಗೆ ರೈಸ್ ಮಿಲ್ಲಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಇವತ್ತು ಗೇಟಿನೊಳಗೆ ಒಟ್ಟು ಎಷ್ಟು ಟನ್ ಬಂತು ಎಂಬ ಮೊತ್ತ ಎಸ್‌ಎನ್‌ಎಂಪಿ. ಪ್ರತಿ ಲಾರಿಗೂ ಕಾಟಾದಲ್ಲಿ ಹರಿದುಕೊಟ್ಟ ಚೀಟಿ, ಅಂದರೆ ಎಲ್ಲಿಂದ, ಯಾರಿಗೆ, ಎಷ್ಟು ತೂಕ, ಎಷ್ಟೊತ್ತಿಗೆ ಎಂಬ ವಿವರ, ನೆಟ್‌ಫ್ಲೋ ಮತ್ತು ಐಪಿಫಿಕ್ಸ್. ಸಾವಿರ ಚೀಲಕ್ಕೆ ಒಂದನ್ನು ಚುಚ್ಚಿ ಹಿಡಿ ಕಾಳು ತೆಗೆದು ಇಡೀ ಲೋಡನ್ನು ಅಂದಾಜು ಮಾಡುವುದು ಎಸ್‌ಫ್ಲೋ. ಚೀಲ ಬಿಚ್ಚಿ ನೆಲಕ್ಕೆ ಸುರಿದು ನೋಡುವುದು ಪ್ಯಾಕೆಟ್ ಕ್ಯಾಪ್ಚರ್.

ಮೊದಲ ಪ್ರಶ್ನೆಗೆ ಎಸ್‌ಎನ್‌ಎಂಪಿ ಸಾಕು, ಫ್ಲೋ ಹಚ್ಚಲೇಬೇಡಿ. ಎರಡನೆಯದಕ್ಕೆ ಮೂರು ಫ್ಲೋ ಬಗೆಗಳಲ್ಲಿ ಯಾವುದಾದರೂ ನಡೆಯುತ್ತದೆ. ಮೂರನೆಯದಕ್ಕೆ ನ್ಯಾಟ್ (ಒಂದು ಸಾರ್ವಜನಿಕ ಐಪಿಯನ್ನು ಹಲವು ಗಿರಾಕಿಗಳಿಗೆ ಹಂಚುವ ವ್ಯವಸ್ಥೆ) ವಿವರವಿರುವ, ಸ್ಯಾಂಪ್ಲಿಂಗ್ (ಕೆಲವನ್ನೇ ಆಯ್ದು ಎಣಿಸುವುದು) ಇಲ್ಲದ ನೆಟ್‌ಫ್ಲೋ ವಿ9 (ಒಂಬತ್ತನೇ ಆವೃತ್ತಿ) ಅಥವಾ ಐಪಿಫಿಕ್ಸ್ ಬಿಟ್ಟರೆ ಗತಿಯಿಲ್ಲ. ನಾಲ್ಕನೆಯದಕ್ಕೆ ಫ್ಲೋ ಉಪಯೋಗಕ್ಕೆ ಬಾರದು, ಕ್ಯಾಪ್ಚರ್ ಮಾಡಿ.

ಇಲ್ಲೇ ಒಂದು ಆಸೆ ಬಿಟ್ಟುಬಿಡಿ. ಗಿರಾಕಿ ಯಾವ ಯಾವ ವೆಬ್‌ಸೈಟ್ ನೋಡಿದ ಎಂಬುದು ಸಾಮಾನ್ಯ ಫ್ಲೋದಲ್ಲಿ ಬರುವುದಿಲ್ಲ. ಐಪಿ, ಪೋರ್ಟ್, ಪ್ರೋಟೋಕಾಲ್, ಬೈಟು, ಸಮಯ, ಇಷ್ಟೇ. ಈಗ ಹೆಚ್ಚಿನ ಟ್ರಾಫಿಕ್ ಪೋರ್ಟ್ 443ರಲ್ಲೇ ಹೋಗುವುದರಿಂದ ಪೋರ್ಟ್ ನೋಡಿ ಆ್ಯಪ್ ಊಹಿಸುವ ಹಳೆಯ ಉಪಾಯವೂ ಸತ್ತಿದೆ.

2. ಮೊದಲು ಎಸ್‌ಎನ್‌ಎಂಪಿ ಸರಿಮಾಡಿ

ಫ್ಲೋ ಬೇಕೆಂದವರಿಗೆ ಇದು ಬೇಸರದ ಹಂತ. ಆದರೆ ಮುಂದೆ ತಾಳೆ ನೋಡಲು ನಿಮಗಿರುವ ಏಕೈಕ ಕಾಟಾ ಇದೇ.

ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯನ್ನು ಬಳಸಬೇಡಿ. ಅದರಲ್ಲಿ 64 ಬಿಟ್ ಕೌಂಟರ್ ಇಲ್ಲ. 32 ಬಿಟ್ ಕೌಂಟರ್ ಸುಮಾರು 429 ಕೋಟಿ ಬೈಟಿಗೆ ಪೂರ್ತಿಯಾಗಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1 ಗಿಗಾಬಿಟ್ ಲಿಂಕ್ ತುಂಬಿ ಹರಿದರೆ ಇದಕ್ಕೆ ಬೇಕಾಗುವುದು 34 ಸೆಕೆಂಡು. ನೀವು 5 ನಿಮಿಷಕ್ಕೊಮ್ಮೆ ಓದುತ್ತೀರಿ. ನಡುವೆ ಎಷ್ಟು ಸಲ ತಿರುಗಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಗುರುತು ಹೀಗಿದೆ: 5 ನಿಮಿಷದ ಗ್ರಾಫ್ ಯಾವತ್ತೂ 114 ಎಂಬಿಪಿಎಸ್ ದಾಟುವುದಿಲ್ಲ, ಸಂಜೆ ಹೊತ್ತು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಇದನ್ನು ಕಂಡು "ಮೇಲಿನವರು ಬ್ಯಾಂಡ್‌ವಿಡ್ತ್ ಕತ್ತರಿಸಾಕತ್ತಾರ" ಎಂದು ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಎಸ್‌ಎನ್‌ಎಂಪಿ ವಿ2ಸಿ ಅಥವಾ ವಿ3 ಹಾಕಿ, ಗ್ರಾಫ್ ಸಾಫ್ಟ್‌ವೇರಿನಲ್ಲಿ 64 ಬಿಟ್ ಕೌಂಟರ್ ಆರಿಸಿ. ಓದುವ ಅಂತರ 1 ನಿಮಿಷ ಮಾಡಿದರೆ ಇನ್ನೂ ಒಳ್ಳೆಯದು. "ಪಬ್ಲಿಕ್" ಎಂಬ ಮೂಲ ಕಮ್ಯುನಿಟಿ ಹೆಸರನ್ನು (ಇದು ಎಸ್‌ಎನ್‌ಎಂಪಿಯ ಪಾಸ್‌ವರ್ಡ್ ಇದ್ದ ಹಾಗೆ) ಹಾಗೇ ಬಿಡಬೇಡಿ, ಪೋರ್ಟ್ 161 ಹೊರಗಿನ ಜಗತ್ತಿಗೆ ತೆರೆದಿರಬಾರದು.

ಇದು ಒಂದು ದಿನ ಓಡಲಿ. ಆಮೇಲೆ ಮುಂದಿನ ಹಂತ.

3. ನಿಮ್ಮ ಪೆಟ್ಟಿಗೆ ಏನು ಕೊಡುತ್ತದೆ ನೋಡಿ, ಆಮೇಲೆ ಆರಿಸಿ

ಫಾರ್ಮ್ಯಾಟ್ ಆಯ್ಕೆ ಅರ್ಧ ನಿಮ್ಮದು, ಅರ್ಧ ಯಂತ್ರದ್ದು. ಮೈಕ್ರೋಟಿಕ್ ರೌಟರ್‌ನಲ್ಲಿ ಐಪಿ ಮೆನುವಿನೊಳಗೆ ಟ್ರಾಫಿಕ್ ಫ್ಲೋ ಎಂದಿರುತ್ತದೆ. ನೆಟ್‌ಫ್ಲೋ ವಿ5, ವಿ9, ಐಪಿಫಿಕ್ಸ್ ಅಲ್ಲೇ ಸಿಗುತ್ತವೆ. ಸಿಸ್ಕೋದಲ್ಲಿ ನೆಟ್‌ಫ್ಲೋ ಎಂದೇ ಹೆಸರು, ಜ್ಯೂನಿಪರ್‌ನವರು ಜೆ-ಫ್ಲೋ ಅನ್ನುತ್ತಾರೆ, ಹುವಾವೆಯವರು ನೆಟ್‌ಸ್ಟ್ರೀಮ್. ಹೆಸರು ಬೇರೆ, ಒಳಗಿನ ಮಾತು ಹತ್ತಿರಹತ್ತಿರ. ಸ್ವಿಚ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎಸ್‌ಫ್ಲೋ. ಅಗ್ಗದ ಓಎಲ್‌ಟಿಯಲ್ಲಿ (ಫೈಬರ್ ಗಿರಾಕಿಗಳನ್ನು ಜೋಡಿಸುವ ಪೆಟ್ಟಿಗೆ) ಫ್ಲೋ ಹುಡುಕಿ ಹೊತ್ತು ಕಳೆಯಬೇಡಿ, ಅಲ್ಲಿ ಎಸ್‌ಎನ್‌ಎಂಪಿ ಸಿಕ್ಕರೆ ಪುಣ್ಯ. ಪಿಸಿಯನ್ನೇ ರೌಟರ್ ಮಾಡಿಕೊಂಡವರು ಸಾಫ್ಟ್‌ಫ್ಲೋಡಿ ಹಾಕಿದರೆ ವಿ5, ವಿ9, ಐಪಿಫಿಕ್ಸ್ ಮೂರೂ ಕಳಿಸಬಹುದು.

ನೆಟ್‌ಫ್ಲೋ ವಿ5: ಅಚ್ಚು ಹಾಕಿದ ಚೀಟಿ. ಪ್ರತಿ ದಾಖಲೆ ಕರಾರುವಾಕ್ಕಾಗಿ 48 ಬೈಟು, ಒಂದು ಪ್ಯಾಕೆಟ್ಟಿಗೆ ಗರಿಷ್ಠ 30 ದಾಖಲೆ. ಟೆಂಪ್ಲೇಟ್ ತಲೆನೋವಿಲ್ಲ, ಯಾವ ಕಲೆಕ್ಟರ್ ಬೇಕಾದರೂ ಓದುತ್ತದೆ. ಹೊಸದಾಗಿ ಕಲಿಯುವವರು ಪ್ರಯೋಗಕ್ಕೆ ಇದರಿಂದಲೇ ಶುರುಮಾಡಲಿ ಎನ್ನುತ್ತೇನೆ. ಆದರೆ ಇದರಲ್ಲಿ ಐಪಿವಿ6ಗೆ ಜಾಗವೇ ಇಲ್ಲ. ಗಿರಾಕಿಗಳಿಗೆ ಐಪಿವಿ6 ಕೊಟ್ಟಿದ್ದರೆ ಯೂಟ್ಯೂಬ್, ಗೂಗಲ್, ಫೇಸ್‌ಬುಕ್ ಬಹಳಷ್ಟು ಅದರ ಮೇಲೇ ಹೋಗುತ್ತವೆ, ವಿ5 ಚೀಟಿಯಲ್ಲಿ ಅವು ಕಾಣುವುದೇ ಇಲ್ಲ. "ಅರ್ಧ ಟ್ರಾಫಿಕ್ಕೂ ಕಾಣವಲ್ದು" ಎಂದವರ ಕಥೆ ಇದೇ ಆಗಿತ್ತು. ಎಎಸ್ ಸಂಖ್ಯೆಯ (ಇಂಟರ್‌ನೆಟ್‌ನಲ್ಲಿ ಒಂದೊಂದು ಜಾಲಕ್ಕೆ ಕೊಡುವ ಗುರುತಿನ ಸಂಖ್ಯೆ) ಖಾನೆಯೂ 16 ಬಿಟ್ಟಿನದು. ಈಗ ಹೊಸಬರಿಗೆ ಸಿಗುವ ಆರಂಕಿಯ ಎಎಸ್ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ, ಎಲ್ಲವೂ 23456 ಎಂದು ಬೀಳುತ್ತದೆ. ವರದಿಯಲ್ಲಿ 23456 ಮೇಲುಗಡೆ ಕುಳಿತಿದ್ದರೆ ಅದೊಂದು ಕಂಪನಿ ಎಂದುಕೊಂಡು ಹುಡುಕಬೇಡಿ. ನ್ಯಾಟ್ ಆದ ಮೇಲಿನ ವಿಳಾಸಕ್ಕೂ ವಿ5ರಲ್ಲಿ ಖಾನೆ ಇಲ್ಲ.

ನೆಟ್‌ಫ್ಲೋ ವಿ9: ಇಲ್ಲಿ ರೌಟರ್ ಮೊದಲು ಚೀಟಿಯ ನಮೂನೆ ಕಳಿಸುತ್ತದೆ, ಆಮೇಲೆ ಬರೀ ಅಂಕಿಗಳನ್ನು. ನಮೂನೆಗೆ ಟೆಂಪ್ಲೇಟ್ ಎನ್ನುತ್ತಾರೆ. ಐಪಿವಿ6, 32 ಬಿಟ್ ಎಎಸ್, ನ್ಯಾಟ್ ವಿಳಾಸ, ವಿಎಲ್ಯಾನ್, ಬೇಕಾದ್ದನ್ನೆಲ್ಲ ಸೇರಿಸಬಹುದು. ತೊಂದರೆ ಏನೆಂದರೆ ಟೆಂಪ್ಲೇಟ್ ತಲುಪುವ ತನಕ ಕಲೆಕ್ಟರ್‌ಗೆ ಬಂದ ಅಂಕಿಗಳ ಅರ್ಥವಾಗುವುದಿಲ್ಲ. ಕಲೆಕ್ಟರ್ ರೀಸ್ಟಾರ್ಟ್ ಮಾಡಿದಿರಿ, ರೌಟರ್ ಅರ್ಧ ಗಂಟೆಗೊಮ್ಮೆ ಮಾತ್ರ ಟೆಂಪ್ಲೇಟ್ ಕಳಿಸುತ್ತದೆ ಎಂದರೆ, ಆ ಅರ್ಧ ಗಂಟೆ ಪರದೆ ಖಾಲಿ. ಜನ ಗಾಬರಿಯಾಗಿ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾರೆ, ಪ್ರತಿ ಸಲವೂ ಕಾಯುವ ಹೊತ್ತು ಹೊಸದಾಗಿ ಶುರು. ಟೆಂಪ್ಲೇಟ್ ಅಂತರವನ್ನು 1 ನಿಮಿಷಕ್ಕೆ ಇಳಿಸಿ, ಕೈಕಟ್ಟಿ ಕೂತುಕೊಳ್ಳಿ.

ಐಪಿಫಿಕ್ಸ್: ವಿ9ರ ಮೇಲೆ ಕಟ್ಟಿದ ಅಂತರರಾಷ್ಟ್ರೀಯ ಮಾನಕ, 2013ರ ಆರ್‌ಎಫ್‌ಸಿ 7011. ಪ್ಯಾಕೆಟ್ಟಿನ ತಲೆಯಲ್ಲಿ ಆವೃತ್ತಿ ಸಂಖ್ಯೆ 10 ಎಂದಿರುತ್ತದೆ. ವೈರ್‌ಶಾರ್ಕ್‌ನಲ್ಲಿ 10 ಕಂಡು ಹೌಹಾರಬೇಡಿ. ಉದ್ದ ಬದಲಾಗುವ ಖಾನೆಗಳು, ಕಂಪನಿಗಳ ಸ್ವಂತ ಖಾನೆಗಳು ಇದರಲ್ಲಿ ಉಂಟು. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಜಾಲದಲ್ಲಿದ್ದರೆ, ಕಲೆಕ್ಟರ್ ಹೊಸದಾಗಿದ್ದರೆ ಇದನ್ನೇ ಆರಿಸಿ. ಒಂದೇ ಕಂಪನಿಯ ಎರಡು ರೌಟರ್ ಇರುವ ಜಾಲಕ್ಕೆ ವಿ9ಕ್ಕೂ ಇದಕ್ಕೂ ದಿನನಿತ್ಯದ ಬಳಕೆಯಲ್ಲಿ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ.

ಎಸ್‌ಫ್ಲೋ: ಹೆಸರಿನಲ್ಲಿ ಫ್ಲೋ ಇದ್ದರೂ ಇದು ಫ್ಲೋ ಕಟ್ಟುವುದಿಲ್ಲ. ಸ್ವಿಚ್ ಇಷ್ಟು ಪ್ಯಾಕೆಟ್ಟಿಗೆ ಒಂದರಂತೆ ಯಾದೃಚ್ಛಿಕವಾಗಿ ಎತ್ತಿ, ಅದರ ಮೊದಲ ಭಾಗವನ್ನು (ಸಾಮಾನ್ಯವಾಗಿ 128 ಬೈಟು) ಆ ಕ್ಷಣವೇ ಕಳಿಸಿಬಿಡುತ್ತದೆ. ನೆನಪಿಟ್ಟುಕೊಳ್ಳುವ ಕೆಲಸವಿಲ್ಲದ್ದರಿಂದ ಸಿಪಿಯು ಹಗುರ, ಚಿತ್ರ ಬೇಗ ಸಿಗುತ್ತದೆ. ದಾಳಿ ಬಂದಾಗ ಸೆಕೆಂಡುಗಳಲ್ಲಿ ತಿಳಿಯಬೇಕು ಎನ್ನುವವರಿಗೆ ಇದು ಚಿನ್ನ. ಜೊತೆಗೆ ಇಂಟರ್‌ಫೇಸ್ ಕೌಂಟರನ್ನೂ ತಾನೇ ಕಳಿಸುತ್ತದೆ.

ಅಂದಾಜು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಸೂತ್ರವಿದೆ: ತಪ್ಪಿನ ಶೇಕಡಾ ಎಂದರೆ 196ನ್ನು ಸಿಕ್ಕ ಮಾದರಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ಒಬ್ಬ ಗಿರಾಕಿಯ 100 ಮಾದರಿ ಸಿಕ್ಕಿದ್ದರೆ ಅವನ ಲೆಕ್ಕ ಸುಮಾರು ಶೇ. 20 ಅತ್ತಿತ್ತ ಆಗಬಹುದು. 10,000 ಸಿಕ್ಕಿದ್ದರೆ ಶೇ. 2. ಎಂದರೆ ದೊಡ್ಡವರನ್ನು ಹಿಡಿಯಲು ಎಸ್‌ಫ್ಲೋ ಪಕ್ಕಾ, ಸಣ್ಣವರ ಲೆಕ್ಕಕ್ಕೆ ಕಚ್ಚಾ. ಸಾವಿರಕ್ಕೆ ಒಂದು ಎಂದಿಟ್ಟರೆ, 10 ಪ್ಯಾಕೆಟ್ಟಿನ ಪುಟ್ಟ ಸಂಪರ್ಕ ಕಣ್ಣಿಗೆ ಬೀಳುವ ಸಾಧ್ಯತೆ ನೂರಕ್ಕೆ ಒಂದು. ಇಂಥ ಲೆಕ್ಕದ ಮೇಲೆ ಗಿರಾಕಿಗೆ ಬಿಲ್ ಹಾಕಬೇಡಿ, ಕಾನೂನಿನ ದಾಖಲೆ ಎಂದು ಯಾರಿಗೂ ಕೊಡಬೇಡಿ.

ನನ್ನ ತೀರ್ಮಾನ ಕೇಳಿದರೆ: ಗಡಿಯ ರೌಟರ್‌ನಲ್ಲಿ ಸ್ಯಾಂಪ್ಲಿಂಗ್ ಇಲ್ಲದ ವಿ9 ಅಥವಾ ಐಪಿಫಿಕ್ಸ್, ಒಳಗಿನ ದೊಡ್ಡ ಸ್ವಿಚ್‌ನಲ್ಲಿ ಎಸ್‌ಫ್ಲೋ, ಉಳಿದೆಲ್ಲ ಕಡೆ ಎಸ್‌ಎನ್‌ಎಂಪಿ.

4. ಗಡಿಯಾರ

ಕರೆಂಟ್ ಹೋಗಿ ಬಂದಾಗ ಬ್ಯಾಟರಿ ಗಡಿಯಾರವಿಲ್ಲದ ಸಣ್ಣ ರೌಟರ್‌ಗಳು ಹಳೆಯ ದಿನಾಂಕದಿಂದ ಏಳುತ್ತವೆ, ಕೆಲವು 1970ಕ್ಕೇ ಹೋಗಿ ಕೂರುತ್ತವೆ. ಆ ಹೊತ್ತಿನ ಫ್ಲೋ ಎಲ್ಲಾ 1970ರ ಖಾತೆಗೆ ಜಮಾ. ರೌಟರ್, ಕಲೆಕ್ಟರ್ ಎರಡಕ್ಕೂ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಸರಿಮಾಡುವ ವಿಧಾನ) ಹಾಕಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗೆ, ಇಲ್ಲವೇ ಅವಕ್ಕೆ ಹೊಂದಿಕೊಂಡ ಸರ್ವರ್‌ಗೆ ಗಡಿಯಾರ ಜೋಡಿಸಬೇಕು ಎಂದೇ ಹೇಳಿದೆ.

ಕಲೆಕ್ಟರ್ ಯುಟಿಸಿಯಲ್ಲೂ (ಅಂತರರಾಷ್ಟ್ರೀಯ ಸಮಯ) ಗ್ರಾಫ್ ನಮ್ಮ ಸಮಯದಲ್ಲೂ ಇದ್ದರೆ ಎಲ್ಲವೂ ಐದೂವರೆ ಗಂಟೆ ಜರುಗುತ್ತದೆ. ರಾತ್ರಿ 9ರ ದಟ್ಟಣೆ ಮಧ್ಯಾಹ್ನ 3:30ಕ್ಕೆ ಕಂಡರೆ ಬೇರೆಲ್ಲೂ ಹುಡುಕಬೇಡಿ.

5. ಎಲ್ಲಿ ಆನ್ ಮಾಡಬೇಕು, ಎಷ್ಟು ಹೊತ್ತಿಗೆ ಕಳಿಸಬೇಕು

ಹೆಚ್ಚು ಜನ ಬೀಳುವ ಗುಂಡಿ ಇದು. ಮೈಕ್ರೋಟಿಕ್‌ನಲ್ಲಿ ಮೊದಲೇ "ಎಲ್ಲ ಇಂಟರ್‌ಫೇಸ್" ಎಂದಿರುತ್ತದೆ, ಜನ ಹಾಗೇ ಬಿಡುತ್ತಾರೆ. ಒಂದೇ ಪ್ಯಾಕೆಟ್ ಒಳಗಿನ ಪೋರ್ಟಿನಲ್ಲಿ ಒಮ್ಮೆ, ಹೊರಗಿನದರಲ್ಲಿ ಮತ್ತೊಮ್ಮೆ ಎಣಿಕೆಯಾಗುವ ಅಪಾಯ ಅಲ್ಲೇ. 500 ಕೊಂಡು 980 ಕಂಡವರ ರಹಸ್ಯವೂ ಇದೇ ಜಾತಿಯದು: ಒಂದೇ ದಾರಿಯಲ್ಲಿ ಎರಡು ರೌಟರ್, ಎರಡೂ ಚೀಟಿ ಹರಿಯುತ್ತಿದ್ದವು, ಕಲೆಕ್ಟರ್ ಎರಡನ್ನೂ ಕೂಡುತ್ತಿತ್ತು. ಒಂದು ಲಾರಿಯನ್ನು ಎರಡು ಕಾಟಾದಲ್ಲಿ ತೂಗಿ ಮೊತ್ತ ಹಾಕಿದ ಹಾಗೆ. ನಿಯಮ ಸರಳ: ಒಂದು ಪ್ಯಾಕೆಟ್ ದಾರಿಯಲ್ಲಿ ಒಂದೇ ಕಡೆ ಎಣಿಕೆಯಾಗಬೇಕು. ಎಲ್ಲ ಇಂಟರ್‌ಫೇಸಿನಲ್ಲೂ ಒಳಬರುವುದನ್ನು ಮಾತ್ರ ಎಣಿಸಿ, ಇಲ್ಲವೇ ಒಂದೇ ಇಂಟರ್‌ಫೇಸಿನಲ್ಲಿ ಎರಡೂ ದಿಕ್ಕು ಎಣಿಸಿ. ಎರಡನ್ನೂ ಬೆರೆಸಬೇಡಿ.

ನ್ಯಾಟ್ ಇದ್ದಲ್ಲಿ ಇನ್ನೊಂದು ಎಚ್ಚರ. ಹೊರಗಿನ ಪೋರ್ಟಿನಲ್ಲಿ ಮಾತ್ರ ಎಣಿಸಿದರೆ ಎಲ್ಲ ಗಿರಾಕಿಗಳ ಡೌನ್‌ಲೋಡ್ ಒಂದೇ ಸಾರ್ವಜನಿಕ ಐಪಿಯ ಹೆಸರಿಗೆ ಬರಬಹುದು. ಯಾರ ಬಳಕೆ ಎಂದು ತಿಳಿಯಬೇಕಾದರೆ ಗಿರಾಕಿಯ ಕಡೆಯ ಇಂಟರ್‌ಫೇಸಿನಲ್ಲಿ ಎಣಿಸಿ, ಅಥವಾ ನ್ಯಾಟ್ ಖಾನೆಗಳನ್ನು ಚೀಟಿಗೆ ಸೇರಿಸಿ.

ಸ್ವಿಚ್ ಚಿಪ್ ತಾನೇ ದಾಟಿಸುವ ಟ್ರಾಫಿಕ್ ರೌಟರ್‌ನ ಸಿಪಿಯುಗೆ ಬರುವುದಿಲ್ಲ, ಹಾಗಾಗಿ ಟ್ರಾಫಿಕ್ ಫ್ಲೋಗೂ ಕಾಣುವುದಿಲ್ಲ. ಬ್ರಿಡ್ಜ್‌ನಲ್ಲಿ ಹಾರ್ಡ್‌ವೇರ್ ಆಫ್‌ಲೋಡ್ ಆನ್ ಇದೆಯೇ ಎಂದು ನೋಡಿಕೊಳ್ಳಿ.

ಇನ್ನು ಟೈಮ್‌ಔಟ್. ಎರಡಿರುತ್ತವೆ. ಸಂಪರ್ಕ ಸುಮ್ಮನಾದ ಮೇಲೆ ಎಷ್ಟು ಹೊತ್ತಿಗೆ ಚೀಟಿ ಹರಿಯಬೇಕು ಎಂಬುದು ಇನ್‌ಆ್ಯಕ್ಟಿವ್. 15 ಸೆಕೆಂಡ್ ಇರಲಿ. ಮುಗಿಯದೇ ಓಡುತ್ತಲೇ ಇರುವ ಸಂಪರ್ಕಕ್ಕೆ ನಡುನಡುವೆ ಚೀಟಿ ಹರಿಯುವ ಅಂತರ ಆ್ಯಕ್ಟಿವ್. ಸಿಸ್ಕೋದ ಹಳೆಯ ನೆಟ್‌ಫ್ಲೋದಲ್ಲೂ ಮೈಕ್ರೋಟಿಕ್‌ನಲ್ಲೂ ಇದು ಮೊದಲೇ 30 ನಿಮಿಷ ಎಂದಿರುತ್ತದೆ, ಅಪಾಯ ಅಡಗಿರುವುದು ಅಲ್ಲೇ.

ನನ್ನದೇ ಪೆಚ್ಚು ಪ್ರಸಂಗ ಹೇಳುತ್ತೇನೆ. ಗಂಗಾವತಿಯ ಒಂದು ಮಿಲ್ಲಿನ ಲಿಂಕ್‌ನಲ್ಲಿ ಪ್ರತಿ ಅರ್ಧ ಗಂಟೆಗೆ 24 ಎಂಬಿಪಿಎಸ್‌ನ ಕಂಬ ಏಳುತ್ತಿತ್ತು, ನಡುವೆ ಸೊನ್ನೆ. ಮಾಲೀಕರಿಗೆ "ನಿಮ್ಮ ಕಂಪ್ಯೂಟರ್ ಅರ್ಧ ಗಂಟೆಗೊಮ್ಮೆ ಬ್ಯಾಕಪ್ ತಗೋತದ" ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಅವರ ಹುಡುಗ ಎರಡು ದಿನ ಆ ಬ್ಯಾಕಪ್ ಹುಡುಕಿದ. ಇದ್ದದ್ದು ಸಿಸಿಟಿವಿ. ದಿನವಿಡೀ ಒಂದೇ ಸಂಪರ್ಕದಲ್ಲಿ 4 ಎಂಬಿಪಿಎಸ್ ಮೇಲಕ್ಕೆ ಕಳಿಸುತ್ತಿತ್ತು. 30 ನಿಮಿಷಕ್ಕೆ 900 ಎಂಬಿ ಆಯಿತು. ರೌಟರ್ ಅದನ್ನು ಒಟ್ಟಿಗೆ ಒಂದೇ ಚೀಟಿಯಲ್ಲಿ ಕಳಿಸಿತು. ಕಲೆಕ್ಟರ್ ಅಷ್ಟನ್ನೂ 5 ನಿಮಿಷದ ಒಂದು ಖಾನೆಗೆ ಸುರಿಯಿತು. 900 ಎಂಬಿಯನ್ನು 5 ನಿಮಿಷಕ್ಕೆ ಹಂಚಿದರೆ ಸರಿಯಾಗಿ 24. ಅಂದಿನಿಂದ ಯಾವ ಜಾಲಕ್ಕೆ ಹೋದರೂ ಆ್ಯಕ್ಟಿವ್ ಟೈಮ್‌ಔಟ್ 1 ನಿಮಿಷ ಮಾಡಿದ ಮೇಲೇ ನಾನು ಚಹಾ ಕುಡಿಯುವುದು.

6. ಚೀಟಿ ಕಲೆಕ್ಟರ್‌ಗೆ ತಲುಪುತ್ತಿದೆಯೇ

ರೌಟರ್‌ನಲ್ಲಿ ಗುರಿ ವಿಳಾಸವಾಗಿ ಕಲೆಕ್ಟರ್ ಐಪಿ ಹಾಕಿ. ನೆಟ್‌ಫ್ಲೋಗೆ ರೂಢಿಯ ಪೋರ್ಟ್ ಯುಡಿಪಿ 2055, ಐಪಿಫಿಕ್ಸ್‌ಗೆ 4739, ಎಸ್‌ಫ್ಲೋಗೆ 6343. ಮೂಲ ವಿಳಾಸವನ್ನೂ ಖಾಯಂ ಮಾಡಿ. ಬಿಟ್ಟರೆ ಲಿಂಕ್ ಬದಲಾದಾಗ ರೌಟರ್ ಬೇರೆ ಐಪಿಯಿಂದ ಕಳಿಸುತ್ತದೆ, ಕಲೆಕ್ಟರ್ ಅದನ್ನು ಹೊಸ ಯಂತ್ರ ಎಂದು ತಿಳಿಯುತ್ತದೆ.

ಕಲೆಕ್ಟರ್ ತಂತ್ರಾಂಶ ತೆರೆಯುವ ಮೊದಲು ಟಿಸಿಪಿಡಂಪ್ ಹಚ್ಚಿ ಆ ಪೋರ್ಟ್ ನೋಡಿ. ಪ್ಯಾಕೆಟ್ ಬರುತ್ತಿಲ್ಲವೆಂದರೆ ತಪ್ಪು ರೌಟರ್‌ನಲ್ಲೋ ದಾರಿಯಲ್ಲೋ ಇದೆ. ಟಿಸಿಪಿಡಂಪ್‌ನಲ್ಲಿ ಕಾಣುತ್ತದೆ, ಕಲೆಕ್ಟರ್‌ನಲ್ಲಿ ಇಲ್ಲ ಎಂದರೆ? ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮುಂಚೆ ನಿಂತು ನೋಡುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಮೊದಲ ಅನುಮಾನ ಲಿನಕ್ಸ್‌ನ ಫೈರ್‌ವಾಲ್ ಮೇಲೆ, ಎರಡನೆಯದು ರಿವರ್ಸ್ ಪಾತ್ ಫಿಲ್ಟರ್ (ಬಂದ ದಾರಿ ಸರಿಯಿಲ್ಲವೆಂದು ಲಿನಕ್ಸ್ ಪ್ಯಾಕೆಟ್ ಬಿಸಾಡುವ ಸೆಟ್ಟಿಂಗ್) ಮೇಲೆ, ಮೂರನೆಯದು ಟೆಂಪ್ಲೇಟ್ ಮೇಲೆ. ಕೊನೆಯದನ್ನು ವೈರ್‌ಶಾರ್ಕ್ ತಾನೇ ಹೇಳುತ್ತದೆ: ಡೇಟಾ ದಾಖಲೆಯ ಪಕ್ಕದಲ್ಲಿ ಟೆಂಪ್ಲೇಟ್ ಸಿಕ್ಕಿಲ್ಲ ಎಂದು ಬರೆದಿರುತ್ತದೆ.

ಕಲೆಕ್ಟರ್ ಬೇರೆ ಊರಿನಲ್ಲಿದ್ದು ನಡುವೆ ವಿಪಿಎನ್ ಇದ್ದರೆ ಒಂದು ಸೂಕ್ಷ್ಮ. ತುಂಬಿದ ವಿ5 ಪ್ಯಾಕೆಟ್ ಐಪಿ ತಲೆಪಟ್ಟಿ (ಹೆಡರ್) ಸೇರಿ 1492 ಬೈಟು. ಪಿಪಿಪಿಒಇ (ಲಾಗಿನ್ ಹಾಕಿ ಜೋಡಿಸುವ) ಲಿಂಕ್‌ನಲ್ಲಿ ಕೂದಲೆಳೆಯಲ್ಲಿ ಹಿಡಿಸುತ್ತದೆ, ವಿಪಿಎನ್ ಒಳಗೆ ಹಿಡಿಸುವುದಿಲ್ಲ; ಒಡೆದು ಎರಡು ತುಂಡಾಗುತ್ತದೆ, ಒಂದು ತುಂಡು ದಾರಿಯಲ್ಲಿ ಬಿದ್ದರೂ ಇಡೀ ಚೀಟಿಕಟ್ಟು ಹಾಳು. ಇದರ ಗುರುತು: ರಾತ್ರಿ ಟ್ರಾಫಿಕ್ ಕಡಿಮೆ ಇದ್ದಾಗ ಎಲ್ಲ ಸರಿ, ಸಂಜೆ ಪ್ಯಾಕೆಟ್ ತುಂಬಿ ಬರುವಾಗ ಮಾಯ.

ಯುಡಿಪಿಯಲ್ಲಿ ಕಳೆದದ್ದು ಕಳೆದೇ ಹೋಯಿತು, ಮತ್ತೆ ಬರುವುದಿಲ್ಲ. ಅದಕ್ಕೇ ಪ್ರತಿ ಪ್ಯಾಕೆಟ್‌ಗೂ ಅನುಕ್ರಮ ಸಂಖ್ಯೆ ಇರುತ್ತದೆ. ಎನ್‌ಎಫ್‌ಡಂಪ್ ಕಲೆಕ್ಟರ್ ತಪ್ಪಿದ ಅನುಕ್ರಮಗಳ ಲೆಕ್ಕವನ್ನು ಲಾಗ್‌ನಲ್ಲಿ ಬರೆಯುತ್ತದೆ. ಅದು ಸೊನ್ನೆಯಿರಬೇಕು. ಇಲ್ಲವೆಂದರೆ ಲಿನಕ್ಸ್‌ನ ಸಾಕೆಟ್ ಬಫರ್ (ಬಂದ ಪ್ಯಾಕೆಟ್ ಓದುವ ತನಕ ಕಾದಿರುವ ಜಾಗ) ಹೆಚ್ಚಿಸಿ. ಅದರ ಮೂಲ ಮಿತಿ ಸಾಮಾನ್ಯವಾಗಿ 212992 ಬೈಟು, ಸಂಜೆಯ ಹೊಡೆತಕ್ಕೆ ಸಾಲದು.

7. ತಾಳೆ ನೋಡಿ

ಬೆಳಗಿನ ಜಾವ, ಜಾಲ ಖಾಲಿ ಇರುವಾಗ, ಖಾಯಂ ಐಪಿ ಕೊಟ್ಟ ಒಂದು ಲ್ಯಾಪ್‌ಟಾಪ್‌ನಿಂದ ಗಾತ್ರ ಗೊತ್ತಿರುವ 1 ಜಿಬಿ ಫೈಲೊಂದನ್ನು ಡೌನ್‌ಲೋಡ್ ಮಾಡಿ. ಐದು ನಿಮಿಷ ಬಿಟ್ಟು ಆ ಐಪಿಯ ಹೆಸರಿಗೆ ಫ್ಲೋದಲ್ಲಿ ಎಷ್ಟು ಬಂದಿದೆ ನೋಡಿ. ತಲೆಪಟ್ಟಿಗಳು ಸೇರುವುದರಿಂದ ಶೇ. 3ರಿಂದ 4 ಜಾಸ್ತಿ ಬರಬೇಕು. ಶೇ. 7ರಷ್ಟು ವ್ಯತ್ಯಾಸ ಕಂಡರೆ ಒಂದು ಕಡೆ 1000ದ, ಇನ್ನೊಂದು ಕಡೆ 1024ರ ಲೆಕ್ಕ ನಡೆದಿರಬಹುದು.

ಸರಿಯಾಗಿ ಎರಡು ಪಟ್ಟು ಬಂದರೆ 5ನೇ ಹಂತಕ್ಕೆ ಹೋಗಿ, ಎರಡು ಕಡೆ ಎಣಿಕೆಯಾಗಿದೆ. ಸಾವಿರದಲ್ಲೊಂದು ಪಾಲು ಮಾತ್ರ ಬಂದರೆ ಸ್ಯಾಂಪ್ಲಿಂಗ್ ದರದಿಂದ ಯಾರೂ ಗುಣಿಸಿಲ್ಲ. ಎಸ್‌ಫ್ಲೋದಲ್ಲಿ ಈ ದರ ಪ್ರತಿ ಮಾದರಿಯ ಜೊತೆಗೇ ಬರುತ್ತದೆ, ತೊಂದರೆ ಕಡಿಮೆ. ವಿ5ರಲ್ಲಿ ತಲೆಪಟ್ಟಿಯ ಒಂದು ಸಣ್ಣ ಖಾನೆಯಲ್ಲಿರುತ್ತದೆ, ಕೆಲ ಯಂತ್ರಗಳು ಅದನ್ನು ತುಂಬುವುದೇ ಇಲ್ಲ. ವಿ9 ಮತ್ತು ಐಪಿಫಿಕ್ಸ್‌ನಲ್ಲಿ ಆಪ್ಷನ್ಸ್ ಟೆಂಪ್ಲೇಟ್ ಎಂಬ ಪ್ರತ್ಯೇಕ ದಾಖಲೆಯಲ್ಲಿ ಬರುತ್ತದೆ, ಕೆಲ ಕಲೆಕ್ಟರ್‌ಗಳು ಅದನ್ನು ಓದುವುದಿಲ್ಲ. ಆಗ ಕೈಯಿಂದಲೇ ದರ ಬರೆಯಬೇಕು. ಆದರೆ ಕಲೆಕ್ಟರ್ ಗುಣಿಸಿದ್ದನ್ನು ಡ್ಯಾಶ್‌ಬೋರ್ಡ್ ಮತ್ತೆ ಗುಣಿಸಿ ಒಬ್ಬ ಗಿರಾಕಿಗೆ ಒಂದೇ ರಾತ್ರಿಯಲ್ಲಿ ಟೆರಾಬೈಟುಗಟ್ಟಲೆ ಬಳಕೆ ಬರೆದದ್ದೂ ಉಂಟು. ಅಪ್‌ಲೋಡ್ ಮಾತ್ರ ಕಂಡು ಡೌನ್‌ಲೋಡ್ ಇಲ್ಲದಿದ್ದರೆ ನ್ಯಾಟ್ ಅಥವಾ ದಿಕ್ಕಿನ ತಪ್ಪು. ಏನೂ ಇಲ್ಲದಿದ್ದರೆ ಆ ಡೌನ್‌ಲೋಡ್ ಐಪಿವಿ6ರಲ್ಲಿ ಹೋಯಿತೇ ನೋಡಿ.

ಒಂದು ಫೈಲ್ ತಾಳೆಯಾದ ಮೇಲೆ ಇಡೀ ದಿನದ್ದನ್ನು ನೋಡಿ. ಗಡಿಯ ಪೋರ್ಟಿನ 24 ಗಂಟೆಯ ಎಸ್‌ಎನ್‌ಎಂಪಿ ಮೊತ್ತ ಒಂದು ಕಡೆ, ಫ್ಲೋ ಮೊತ್ತ ಇನ್ನೊಂದು ಕಡೆ. ಎರಡೂ ಸಮನಾಗುವುದಿಲ್ಲ, ಆಗಲೂಬಾರದು. ಎಸ್‌ಎನ್‌ಎಂಪಿ ಈಥರ್‌ನೆಟ್ ಚೌಕಟ್ಟನ್ನೂ ಸೇರಿಸಿ ಎಣಿಸುತ್ತದೆ, ಫ್ಲೋ ಐಪಿ ಬೈಟನ್ನು ಮಾತ್ರ. ಚೌಕಟ್ಟಿನ ತೂಕ 18 ಬೈಟು: ದೊಡ್ಡ ಪ್ಯಾಕೆಟ್ಟಿಗೆ ಶೇ. 1.2, ಅತಿ ಸಣ್ಣ ಪ್ಯಾಕೆಟ್ಟಿಗೆ ಶೇ. 28. ವಿಡಿಯೊ ಹೆಚ್ಚಿರುವ ಡೌನ್‌ಲೋಡ್ ದಿಕ್ಕಿನಲ್ಲಿ ಎಸ್‌ಎನ್‌ಎಂಪಿ ಶೇ. 2ರಿಂದ 5 ಜಾಸ್ತಿ ತೋರಿಸಿದರೆ ನನಗೆ ನೆಮ್ಮದಿ. ಶೇ. 10 ದಾಟಿದರೆ ಹುಡುಕಲು ಕೂರುತ್ತೇನೆ. ಫ್ಲೋದ ಮೊತ್ತವೇ ಎಸ್‌ಎನ್‌ಎಂಪಿಗಿಂತ ಹೆಚ್ಚು ಬಂದರೆ ಎಷ್ಟೇ ಸಣ್ಣ ಅಂತರವಿದ್ದರೂ ಬಿಡಬೇಡಿ. ಕಾಟಾಕ್ಕಿಂತ ಚೀಟಿ ಭಾರವಾಗಲು ನ್ಯಾಯವಾದ ಕಾರಣ ಇಲ್ಲ.

ಡ್ಯಾಶ್‌ಬೋರ್ಡ್ ಹಾಕುವ ಆಸೆಯಿದ್ದರೆ ಈಗ ಹಾಕಿ.

8. ಕೂಡಿಡುವುದು ಮತ್ತು ಕಾಯುವುದು

ಜಾಗದ ಅಂದಾಜು ಸುಲಭ. ಸೆಕೆಂಡಿಗೆ 2,000 ಫ್ಲೋ, ಪ್ರತಿಯೊಂದಕ್ಕೆ 48 ಬೈಟು ಎಂದರೆ ದಿನಕ್ಕೆ ಸುಮಾರು 8.3 ಜಿಬಿ. ಎನ್‌ಎಫ್‌ಡಂಪ್ ಒತ್ತಿ ಚಿಕ್ಕದು ಮಾಡಬಲ್ಲದು, ಆದರೆ ಲೆಕ್ಕ ಹಾಕುವಾಗ ಒತ್ತದ ಗಾತ್ರವನ್ನೇ ಹಿಡಿಯಿರಿ.

ಪರವಾನಗಿ ಇರುವ ಸೇವಾದಾರರಿಗೆ ಇದು ಇಷ್ಟವಿದ್ದರೆ ಮಾಡುವ ಕೆಲಸವಲ್ಲ. ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತು ತಿದ್ದಿ, ಐಪಿ ವಿವರ ದಾಖಲೆಗಳನ್ನು ಇಡುವ ಅವಧಿಯನ್ನು ಕನಿಷ್ಠ 2 ವರ್ಷಕ್ಕೆ ಏರಿಸಿತು. ಸರ್ಟ್-ಇನ್ ಹೇಳುವ 180 ದಿನದ ಲಾಗ್ ಬೇರೆ. ಗ್ರಾಫಿಗೆಂದು ಹಾಕಿದ ಫ್ಲೋವನ್ನೇ ಆ ದಾಖಲೆ ಎಂದುಕೊಂಡು ಕೂರಬೇಡಿ. ಸ್ಯಾಂಪ್ಲಿಂಗ್ ಇಲ್ಲದೆ, ನ್ಯಾಟ್ ಪೋರ್ಟ್ ಸಮೇತ, ಲಾಗಿನ್ ಹೆಸರಿಗೆ ಜೋಡಿಸಿ ಬೇರೆಯಾಗಿ ಇಡಿ. ಯಾರು ಯಾವ ಹೊತ್ತಿನಲ್ಲಿ ಯಾರ ಜೊತೆ ಸಂಪರ್ಕದಲ್ಲಿದ್ದರು ಎಂಬುದೆಲ್ಲ ಇದರಲ್ಲಿರುತ್ತದೆ. ಆಫೀಸಿನ ಹುಡುಗರಿಗೆಲ್ಲ ಇದರ ಪಾಸ್‌ವರ್ಡ್ ಹಂಚಬೇಡಿ. ಫ್ಲೋ ಪ್ಯಾಕೆಟ್‌ಗಳಿಗೆ ಯುಡಿಪಿಯಲ್ಲಿ ಬೀಗವಿಲ್ಲ, ಆದ್ದರಿಂದ ಸಾರ್ವಜನಿಕ ಇಂಟರ್‌ನೆಟ್ ಮೇಲೆ ಬಿಚ್ಚಾಗಿ ಕಳಿಸಬೇಡಿ.

ಓಡುತ್ತಿರುವಾಗ ಕಾಣುವ ಕೆಟ್ಟ ಗುರುತುಗಳು

ರೌಟರ್ ರೀಬೂಟ್ ಆದ ಮರುದಿನ ಗ್ರಾಫಿನಲ್ಲಿ ಕಾರಟಗಿಯ ಟ್ರಾಫಿಕ್ ಕನಕಗಿರಿಯ ಹೆಸರಿನಲ್ಲಿ ಬರುತ್ತಿದೆ ಎಂದರೆ ಇಂಟರ್‌ಫೇಸ್ ಕ್ರಮಸಂಖ್ಯೆ ಅದಲುಬದಲಾಗಿದೆ. ಫ್ಲೋ ಚೀಟಿಯಲ್ಲಿ ಪೋರ್ಟಿನ ಹೆಸರಿರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಸಿಸ್ಕೋದಲ್ಲಿ ಸಂಖ್ಯೆ ಖಾಯಂ ಇಡುವ ಸೆಟ್ಟಿಂಗ್ ಇದೆ, ಅದನ್ನು ಹಾಕಿ.

ರೌಟರ್ ಸತತವಾಗಿ 49 ದಿನ ಓಡಿದ ಮೇಲೆ ಒಮ್ಮೆಲೇ ಫ್ಲೋ ಸಮಯಗಳು ಹುಚ್ಚಾದರೆ, ವಿ5 ಮತ್ತು ವಿ9 ಬಳಸುವ ಮಿಲಿಸೆಕೆಂಡ್ ಗಡಿಯಾರ 32 ಬಿಟ್ ತುಂಬಿ ಸೊನ್ನೆಗೆ ಮರಳಿದೆ. ಹಳೆಯ ಕಲೆಕ್ಟರ್‌ಗಳು ಇದಕ್ಕೆ ತಬ್ಬಿಬ್ಬಾಗುತ್ತವೆ. ಹೊಸ ಆವೃತ್ತಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಫ್ಲೋ ಸಂಖ್ಯೆ ಹತ್ತು ಪಟ್ಟಾಗಿ ಬೈಟು ಅಷ್ಟೇ ಇದ್ದರೆ, ಒಳಗಿನ ಯಾವುದೋ ಯಂತ್ರ ಪೋರ್ಟ್ ಹುಡುಕುತ್ತಾ ಹೊರಟಿದೆ, ಅಥವಾ ಹೊರಗಿನಿಂದ ದಾಳಿ ಬಂದಿದೆ. ಹೆಚ್ಚು ಸಲ ಅದು ಪಾಸ್‌ವರ್ಡ್ ಬದಲಿಸದ ಸಿಸಿಟಿವಿ ಡಿವಿಆರ್ ಆಗಿರುತ್ತದೆ. ಮೂಲ ಐಪಿಯನ್ನು ಫ್ಲೋ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಿ, ಬೈಟಿನ ಪ್ರಕಾರ ಜೋಡಿಸಿದರೆ ಅದು ಪಟ್ಟಿಯ ತಳದಲ್ಲಿ ಅಡಗಿರುತ್ತದೆ. ಇದೇ ಹೊತ್ತಿಗೆ ರೌಟರ್ ಸಿಪಿಯು ಶೇ. 90 ಮುಟ್ಟಿದ್ದರೆ ಫ್ಲೋವನ್ನು ಸ್ವಲ್ಪ ಹೊತ್ತು ಆಫ್ ಮಾಡಿ; ಗಿರಾಕಿಗೆ ಬೇಕಾದ್ದು ನೆಟ್, ನಿಮ್ಮ ಗ್ರಾಫ್ ಅಲ್ಲ.

ಪ್ರತಿ ಅಪ್‌ಡೇಟ್ ಆದ ಮೇಲೆ, ಲಿಂಕ್ ಬದಲಾದ ಮೇಲೆ, ಹೊಸ ರೌಟರ್ ಬಂದ ಮೇಲೆ 7ನೇ ಹಂತವನ್ನು ಮತ್ತೆ ಮಾಡಿ. ಆ 1 ಜಿಬಿ ಫೈಲಿನ ಕೊಂಡಿಯನ್ನು ನಾನು ಕಲೆಕ್ಟರ್ ಪಿಸಿಯ ಮೇಲೆ ಚೀಟಿ ಬರೆದು ಅಂಟಿಸಿದ್ದೇನೆ. ಫೋನ್ ಬಂದಾಗ ಮೊದಲು ಕೇಳುವುದೂ ಅದನ್ನೇ: "ಫೈಲ್ ಇಳಿಸಿ ನೋಡಿದ್ರೇನ್ರಿ?"